ಎಂಬತ್ತಾರು ಬೊಟ್ಟಿನ ಗೋಡೆ

ಹಾಸನ, ಹೊರಡುವ ಹಿಂದಿನ ದಿನ

ವಿದೇಶಕ್ಕೆ ಹೋಗುವವರು ಉಪ್ಪಿನಕಾಯಿ ಒಯ್ಯುತ್ತಾರೆ, ಚಟ್ನಿಪುಡಿ ಒಯ್ಯುತ್ತಾರೆ. ನಾನು ಹತ್ತಿ ಒಯ್ದೆ. ಬೀಜ ತೆಗೆದು ಹಿಂಜಿದ, ಒಂದು ದಿಂಬಿನಷ್ಟು ಹತ್ತಿ. ಜೊತೆಗೆ ಸ್ಟೀಲ್ ಡಬ್ಬಿಯಲ್ಲಿ ವಿಭೂತಿ ಪುಡಿ, ಪುಟ್ಟ ಭರಣಿಯಲ್ಲಿ ಕುಂಕುಮ.

ತಪ್ಪು ನನ್ನದಲ್ಲ. ನಮ್ಮ ಅತ್ತೆ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಲಕ್ಷಬತ್ತಿಯ ಸಂಕಲ್ಪ ಮಾಡಿಕೊಂಡಿದ್ದರು. ಕಾರ್ತಿಕದಲ್ಲಿ ಹೊಳೆನರಸೀಪುರದ ನರಸಿಂಹಸ್ವಾಮಿಯ ಸನ್ನಿಧಿಯಲ್ಲಿ ಒಂದು ಲಕ್ಷ ಬತ್ತಿ ಉರಿಯಬೇಕು. ಅಂಗಡಿಯ ಬತ್ತಿ ಆಗದು, ಕೈಯಲ್ಲಿ ಹೊಸೆದದ್ದೇ ಆಗಬೇಕು. ಅತ್ತೆ, ಓರಗಿತ್ತಿ, ನಾದಿನಿಯರು ಎಲ್ಲರೂ ಪಾಲು ಹಂಚಿಕೊಂಡೆವು. ನನ್ನ ಪಾಲಿಗೆ ಹತ್ತು ಸಾವಿರ ಬಂತು. ಅಷ್ಟರಲ್ಲಿ ನನ್ನ ಪ್ರಯಾಣ ನಿಶ್ಚಯವಾಯಿತು. ನನ್ನ ಪಾಲನ್ನು ಯಾರಿಗಾದರೂ ವಹಿಸಿ ಹೋಗಲೇ ಎಂದು ಮೆಲ್ಲಗೆ ಕೇಳಿದೆ. ಅತ್ತೆ ತಲೆ ಎತ್ತಲಿಲ್ಲ.

"ಊರು ಯಾವ್ದಾದ್ರೇನೆ ನಳಿನಿ, ಕೈ ನಿಂದೇ ತಾನೆ?"

ಸಾಲಗಾಮೆಯಿಂದ ನಮಗೆ ಹಾಲು ತರುವ ಜಯಮ್ಮ ಬಾಗಿಲಲ್ಲಿ ನಿಂತು ಸೂಟ್‌ಕೇಸಿನೊಳಗಿನ ಹತ್ತಿಯನ್ನೇ ನೋಡುತ್ತಿದ್ದಳು. "ಊರ್ ನೋಡಕ್ ಓಯ್ತಿದ್ದೀರೋ ಅವ್ವಾರೆ, ಬತ್ತಿ ಒಸ್ಯಕ್ ಓಯ್ತಿದ್ದೀರೋ?" ಎಂದಳು. ನಾನು ನಕ್ಕೆ. ಅತ್ತೆ ನಗಲಿಲ್ಲ.

ಹೋಗಬೇಕಾಗಿದ್ದುದು ಅರಕಲಗೂಡಿನ ನನ್ನ ಅಕ್ಕ ಮತ್ತು ನಾನು, ಇಬ್ಬರೂ. ಅಕ್ಕನ ಮಗಳು ಮೇಧಾ ಹಾಲೆಂಡಿನ ಒಂದು ಚಿತ್ರಶಾಲೆಯಲ್ಲಿ ಕೆಲಸಕ್ಕಿದ್ದಾಳೆ. ಮೈಸೂರಿನಲ್ಲಿ ಚಿತ್ರಕಲೆ ಓದಿದಳು, ಅಲ್ಲಿ ಚಿತ್ರಗಳ ಚರಿತ್ರೆ ಓದಿದಳು. ವೀಸಾ ಎಲ್ಲ ಆದ ಮೇಲೆ ಅಕ್ಕನ ಮಂಡಿ ಊದಿಕೊಂಡಿತು. ಅದೇ ವಾರ ಮೇಧಾ ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದುಕೊಂಡಳು. ಅಕ್ಕ ಫೋನಿನಲ್ಲಿ ಅತ್ತಳು. "ನೀನಾದ್ರೂ ಹೋಗಿ ಅವಳಿಗೊಂದು ಸಾರು ಮಾಡಿ ಹಾಕೇ" ಎಂದಳು. ಚನ್ನರಾಯಪಟ್ಟಣದಾಚೆಗೆ ಒಬ್ಬಳೇ ಬಸ್ಸು ಹತ್ತಿದ ನೆನಪಿಲ್ಲದ ನಾನು ಒಬ್ಬಳೇ ವಿಮಾನ ಹತ್ತಿದೆ.

ವಿಮಾನ ನಿಲ್ದಾಣದ ಮೇಜು

ಆಮ್‌ಸ್ಟರ್‌ಡ್ಯಾಮಿನಲ್ಲಿ ನನ್ನ ಸೂಟ್‌ಕೇಸನ್ನು ಬದಿಗೆ ಕರೆದರು. ನನಗಿಂತ ಎರಡು ಅಡಿ ಎತ್ತರದ ಯುವಕ. ಹತ್ತಿಯನ್ನು ಎತ್ತಿ ಹಿಸುಕಿ ನೋಡಿದ. ಆಮೇಲೆ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ನುಣ್ಣನೆಯ ಬಿಳಿ ಪುಡಿ. ಅವನ ಮುಖ ಬದಲಾದದ್ದು ನನಗೆ ಕಾಣಿಸಿತು.

ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಇಂಗ್ಲಿಷ್ ಪೂರ್ತಿ ವ್ಯಾಕರಣಸಹಿತ ಬಾಯಿಗೆ ಬಂತು. ಇದು ದೇವರ ದೀಪಕ್ಕೆ ಬೇಕಾದ ವಸ್ತು, ದಯವಿಟ್ಟು ಅನ್ಯಥಾ ಭಾವಿಸಬೇಡಿ ಎಂದೆ. ಅವನು ನಂಬಿದಂತೆ ಕಾಣಲಿಲ್ಲ. ಕೊನೆಗೆ ಬೆರಳಿನಲ್ಲಿ ಒಂದಿಷ್ಟು ತೆಗೆದುಕೊಂಡು ಅವನ ಕಣ್ಣೆದುರೇ ಹಣೆಗೆ ಇಟ್ಟುಕೊಂಡೆ. ಅವನು ಏನೋ ಒಂದು ಪಟ್ಟಿಯಿಂದ ಡಬ್ಬಿಯ ಪುಡಿ ಒರೆಸಿ ಯಂತ್ರಕ್ಕೆ ತೋರಿಸಿದ. ಯಂತ್ರ ಸುಮ್ಮನಿತ್ತು. ಅವನು ನಕ್ಕು ಡಬ್ಬಿ ಮುಚ್ಚಿಕೊಟ್ಟ. ಅದು ಯಾವುದನ್ನು ಸುಟ್ಟು ಮಾಡಿದ್ದು ಎಂದು ಅವನು ಕೇಳಲಿಲ್ಲ, ನಾನು ಸೆಗಣಿಯ ಮಾತೆತ್ತಲಿಲ್ಲ. ಸುಳ್ಳು ಹೇಳಬಾರದು ಎಂದು ಸಿಸ್ಟರ್ ಕಲಿಸಿದ್ದರು. ಕೇಳದ್ದನ್ನೂ ಹೇಳಬೇಕು ಎಂದು ಕಲಿಸಿರಲಿಲ್ಲ.

ಮೇಧಾಳ ಊರು

ಅಲ್ಲಿಂದ ರೈಲಿನಲ್ಲಿ ಒಂದು ಗಂಟೆ. ಊರಿನ ಹೆಸರು ಬರೆಯಬೇಡಿ ಎಂದು ಮೇಧಾ ಹೇಳಿರುವುದರಿಂದ ಬರೆಯುವುದಿಲ್ಲ. ಕಾಲುವೆಗಳ ಊರು. ನೀರಿನ ಪಕ್ಕದಲ್ಲಿ ಮನೆಗಳು ಪುಸ್ತಕದ ಕಪಾಟಿನ ಹಾಗೆ ಒಂದಕ್ಕೊಂದು ಆತುಕೊಂಡು ನಿಂತಿವೆ. ಮೇಧಾಳ ಮನೆಯ ಮೆಟ್ಟಿಲು ನಮ್ಮ ತವರುಮನೆಯ ಅಟ್ಟದ ಏಣಿಗಿಂತ ಕಡಿದಾಗಿತ್ತು. ಸೀರೆಯ ನೆರಿಗೆ ಹಲ್ಲಿನಲ್ಲಿ ಕಚ್ಚಿಕೊಂಡು ಹತ್ತಬೇಕಿತ್ತು.

ಮೊದಲನೆಯ ಬೆಳಗ್ಗೆ ತರಕಾರಿಗೆಂದು ಹೊರಟೆ. ಕೆಂಪು ಬಣ್ಣದ ನುಣುಪಾದ ದಾರಿ ಕಾಣಿಸಿತು. ಎಷ್ಟು ಚೆನ್ನಾಗಿ ಮಾಡಿದ್ದಾರೆ ನಡೆಯುವವರಿಗೆ ಎಂದುಕೊಂಡು ಅದರ ನಡುಮಧ್ಯೆ ನಡೆದೆ. ಹಿಂದಿನಿಂದ ಟ್ರಿಣ್ ಟ್ರಿಣ್ ಶುರುವಾಯಿತು. ನಾನು ಬಲಕ್ಕೆ ಸರಿದರೆ ಗಂಟೆಯೂ ಬಲಕ್ಕೆ ಸರಿಯಿತು. ಒಬ್ಬಳು ಅಜ್ಜಿ, ಅತ್ತೆಯ ವಯಸ್ಸಿನವಳು, ಸೈಕಲ್ ಮೇಲೆ ನೆಟ್ಟಗೆ ಕೂತು ನನ್ನನ್ನು ದಾಟಿ ಹೋಗುತ್ತಾ ಏನೋ ಅಂದಳು. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯಿತು. ಅದು ಸೈಕಲ್ಲಿನವರ ದಾರಿಯಂತೆ.

ನನಗೆ ಅತಿ ಆಶ್ಚರ್ಯವಾದದ್ದು ಅವರ ಕಿಟಕಿ. ರಸ್ತೆಗೇ ತೆರೆದುಕೊಂಡ ದೊಡ್ಡ ಗಾಜು, ಪರದೆ ಇಲ್ಲ. ಒಳಗೆ ದೀಪದ ಕೆಳಗೆ ಮನೆಯವರು ಊಟ ಮಾಡುತ್ತಿರುತ್ತಾರೆ, ಪೇಪರ್ ಓದುತ್ತಿರುತ್ತಾರೆ. ಹೊರಗೆ ನಡೆಯುವವರು ಯಾರೂ ಒಳಗೆ ನೋಡುವುದಿಲ್ಲ. ನಮ್ಮ ಬೀದಿಯಲ್ಲಿ ಪ್ರತಿ ಕಿಟಕಿಗೂ ಪರದೆಯುಂಟು, ಪ್ರತಿ ಪರದೆಯ ಹಿಂದೆ ಒಂದು ಕಣ್ಣುಂಟು. ಮೂರು ದಿನ ನಾನು ಪ್ರತಿ ಮನೆಯೊಳಗೂ ಇಣುಕಿ ನೋಡಿದೆ. ಯಾವ ಮನೆಯಲ್ಲಿ ಎಷ್ಟು ಹೂದಾನಿ ಎಂದು ಈಗಲೂ ಹೇಳಬಲ್ಲೆ.

ಮಧ್ಯಾಹ್ನ ಅಡಿಗೆ ಮುಗಿದ ಮೇಲೆ ಅಡಿಗೆಮನೆಯ ಕಿಟಕಿಯ ಕೆಳಗೆ, ಮನೆ ಬೆಚ್ಚಗಿಡುವ ಬಿಸಿ ಕೊಳವೆಯ ಪಕ್ಕ, ನೆಲದ ಮೇಲೆ ಚಾಪೆ ಹಾಸಿ ಬತ್ತಿ ಹೊಸೆಯುತ್ತಿದ್ದೆ. ಮೇಧಾ ಕೆಲಸದಿಂದ ಬರುವಷ್ಟರಲ್ಲಿ ಎಲ್ಲ ಎತ್ತಿಟ್ಟು, ಚಾಪೆ ಸುತ್ತಿ ಅದೇ ಗೋಡೆಗೆ ಒರಗಿಸಿರುತ್ತಿದ್ದೆ. ಅವಳಿಗೆ ಅದು ಕಾಣಲೇ ಇಲ್ಲ. ಕಂಡಿದ್ದರೆ ಈ ಕಥೆ ನಾಲ್ಕು ದಿನ ಮೊದಲೇ ಮುಗಿಯುತ್ತಿತ್ತು.

ಮೂಡಣ ದೇಶಗಳ ಕೋಣೆ

ಐದನೆಯ ದಿನ ಮೇಧಾ ತನ್ನ ಚಿತ್ರಶಾಲೆಗೆ ಕರೆದುಕೊಂಡು ಹೋದಳು. ಹಿಂದೆ ಒಬ್ಬ ದೊಡ್ಡ ಬಟ್ಟೆ ವ್ಯಾಪಾರಿಯ ಮನೆಯಾಗಿತ್ತಂತೆ. ಅವನು ಕೂಡಿಟ್ಟ ಚಿತ್ರಗಳೇ ಈಗಲೂ ಅಲ್ಲಿರುವುದು. ಮೇಲಿನ ಮಹಡಿಯ ಒಂದು ಕೋಣೆಗೆ ಬೀಗ ಹಾಕಿತ್ತು, ಮೇಧಾ ತೆಗೆದಳು. ಗೋಡೆಗೆ ಆಗಷ್ಟೇ ಹೊಸ ಬಣ್ಣ ಹೊಡೆದಿದ್ದರು. ಅದೇ ಮೂಡಣ ದೇಶಗಳ ಕೋಣೆ.

ಯುರೋಪಿನ ಚಿತ್ರಕಾರರು ನಮ್ಮ ಕಡೆಯ ದೇಶಗಳನ್ನು ಬರೆದ ಚಿತ್ರಗಳಿಗೆ ಓರಿಯಂಟಲಿಸ್ಟ್ ಚಿತ್ರಗಳು ಎನ್ನುತ್ತಾರೆ. ಅಲ್ಲಿ ಹದಿನೇಳು ಇದ್ದವು. ಒಂಟೆಗಳ ಸಾಲು. ಹಾವಾಡಿಗ. ಗುಲಾಮರ ಸಂತೆ. ಸ್ನಾನದ ಮನೆಯಲ್ಲಿ ಹಬೆಯ ನಡುವೆ ಹೆಂಗಸರು. ಬಣ್ಣಗಳು ಎಷ್ಟು ಚೆಂದವೆಂದರೆ ರೇಷ್ಮೆಯ ಮಡಿಕೆಯನ್ನು ಮುಟ್ಟಿ ನೋಡಬೇಕು ಅನಿಸುತ್ತದೆ. ಮೇಧಾ ಹೇಳಿದಳು: ಮೊದಲು ಶ್ರೀಮಂತರು ಇವನ್ನು ದಿವಾನಖಾನೆಯಲ್ಲಿ ತೂಗುಹಾಕಿ ಮೆರೆದರು. ಆಮೇಲಿನ ಓದಿದ ಜನ, ಇವೆಲ್ಲ ಸುಳ್ಳು, ಬೇರೆಯವರ ದೇಶವನ್ನು ಸೋಮಾರಿಗಳ, ಕ್ರೂರಿಗಳ, ಬೆತ್ತಲೆ ಹೆಂಗಸರ ನಾಡೆಂದು ತೋರಿಸಿ ಆಳುವುದಕ್ಕೆ ನೆಪ ಮಾಡಿಕೊಂಡದ್ದು ಎಂದು ನಾಚಿಕೊಂಡು ನೆಲಮಾಳಿಗೆಗೆ ಇಳಿಸಿದರು. ಈಚೆಗೆ ಚಿತ್ರದಲ್ಲಿರುವ ದೇಶಗಳ ಶ್ರೀಮಂತರೇ ಇವನ್ನು ಕೊಂಡು ಮನೆಗೆ ಒಯ್ಯುತ್ತಿದ್ದಾರಂತೆ. ಹೀಗಾಗಿ ಚಿತ್ರಶಾಲೆಗಳು ಮತ್ತೆ ಹೊರತೆಗೆದು, ಪ್ರತಿ ಚಿತ್ರದ ಪಕ್ಕ ಹೊಸ ಫಲಕ ಬರೆಯುತ್ತಿವೆ: ಏನು ನಿಜ, ಏನು ಸುಳ್ಳು, ಯಾರು ಯಾರನ್ನು ನೋಡುತ್ತಿದ್ದಾರೆ ಎಂದು.

"ಇದೊಂದೇ ತಕರಾರು" ಎಂದು ಮೇಧಾ ಮೂಲೆಯ ಚಿತ್ರದ ಮುಂದೆ ನಿಂತಳು.

ಅಂಗಳದ ಗೋಡೆಗೆ ಒರಗಿ ನೆಲದ ಮೇಲೆ ಕೂತ ಒಬ್ಬ ಹೆಂಗಸು. ಮೂಗುಬೊಟ್ಟು, ಕೆಂಪು ಸೀರೆ. ಸೀರೆಯನ್ನು ಮಂಡಿಯ ತನಕ ಸರಿಸಿಕೊಂಡಿದ್ದಾಳೆ. ಬೆಳ್ಳಗಿನ ಮೀನಖಂಡ ಅಷ್ಟೂ ಬಿಸಿಲಿನಲ್ಲಿ ಹೊಳೆಯುತ್ತಿದೆ. ಚಿತ್ರದ ಹಳೆಯ ಹೆಸರು ‘ಅಂತಃಪುರದ ಆಲಸ್ಯ’.

ನಾನು ಕಾಲು ನೋಡಿದೆ, ಕಣ್ಣು ತಪ್ಪಿಸಿದೆ. ಎಂಟನೇ ಕ್ಲಾಸಿನಲ್ಲಿ ಜಿನನಾಥಪುರದ ಬಸದಿಗೆ ಪಿಕ್‌ನಿಕ್ ಹೋಗಿದ್ದಾಗ, ಹೊರಗೋಡೆಯ ನರ್ತಕಿಯರ ಮುಂದೆ ಬಂದ ಕೂಡಲೇ ಸಿಸ್ಟರ್ ಚಪ್ಪಾಳೆ ತಟ್ಟಿ, ಬೇಗ ಬೇಗ, ಸಾಲಿನಲ್ಲಿ ಎಂದು ಓಡಿಸಿದ್ದರು. ಆ ಚಪ್ಪಾಳೆ ನನ್ನ ಕಣ್ಣಿನೊಳಗೆ ಇನ್ನೂ ಇದೆ. ನೋಡಬಾರದ್ದು ಕಂಡರೆ ತಾನಾಗಿ ಮುಂದಕ್ಕೆ ಓಡುತ್ತೇನೆ. ಹಾಗಾಗಿ ಪಕ್ಕದಲ್ಲಿದ್ದ ಹುಕ್ಕಾ ನೋಡಿದೆ, ಚಿರತೆಯ ಚರ್ಮ ನೋಡಿದೆ, ಮೇಲಿನ ನೀಲಿ ಹೆಂಚಿನ ಕಮಾನು ನೋಡಿದೆ. ನಮ್ಮ ಕಡೆಯ ಯಾವ ಮನೆಯಲ್ಲಿ ಇವೆಲ್ಲ ಇದ್ದವು ಎಂದು ನಗು ಬಂತು.

ಮೇಧಾ ಹಳೆಯ ಟಿಪ್ಪಣಿ ಓದಿ ಹೇಳಿದಳು. ಚಿತ್ರಕಾರ ಇಂಡಿಯಾಕ್ಕೆ ಹೋಗಿದ್ದಕ್ಕೆ ದಾಖಲೆ ಇಲ್ಲ. ಹೆಂಗಸಿನ ಮುಂದೆ ಬಟ್ಟಲಿನಲ್ಲಿರುವುದು ಮುಖಕ್ಕೆ ಹಚ್ಚುವ ಪುಡಿ, ಇಲ್ಲವೇ ಅಫೀಮು. ಪಕ್ಕದ ಬಿಳಿ ರಾಶಿ ಹಂಸದ ಪುಕ್ಕ. ಹಿತ್ತಾಳೆಯ ತಟ್ಟೆಯಲ್ಲಿರುವುದು ಮುತ್ತಿನ ಸರ. ಗೋಡೆಯ ಮೇಲಿನ ಕೆಂಪು ಚುಕ್ಕೆಗಳು ಅರ್ಥವಿಲ್ಲದ ಲಿಪಿಯ ಅನುಕರಣೆ. ಒಟ್ಟಿನಲ್ಲಿ ಗಂಡಸಿನ ಕಣ್ಣಿಗೆ ಕಾಲು ತೋರಿಸುವುದಕ್ಕಾಗಿ ಸ್ಟುಡಿಯೋದಲ್ಲಿ ಕಟ್ಟಿದ ಕಲ್ಪನೆ.

ಈ ಟಿಪ್ಪಣಿ ಬರೆದವರು ಚಿತ್ರಶಾಲೆಯ ಮುಖ್ಯಸ್ಥೆ ಹಿಲ್ಡಾ. ಅರವತ್ತು ದಾಟಿದ, ನೆಟ್ಟನೆಯ ಹೆಂಗಸು. ಎಲ್ಲರೂ ಅವರನ್ನು ಹಿಲ್ಡಾ ಎಂದೇ ಕರೆಯುತ್ತಿದ್ದರು, ನನ್ನ ಬಾಯಿಂದ ಮಾತ್ರ ಮೇಡಂ ಬಿಟ್ಟು ಬೇರೆ ಬರಲಿಲ್ಲ. ಊಟದ ಹೊತ್ತಿಗೆ ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಚಾಕಲೇಟಿನ ಚೂರು ಉದುರಿಸಿಕೊಂಡು ಚಿಕ್ಕ ಹುಡುಗಿಯ ಹಾಗೆ ತಿನ್ನುತ್ತಾ ಅವರು ನನಗೆ ಹೇಳಿದರು: "ನೂರು ವರ್ಷ ಈ ಊರಿನ ಗಂಡಸರು ಆ ಕಾಲು ನೋಡುವುದಕ್ಕೇ ಬಂದಿದ್ದಾರೆ. ಇನ್ನು ಸಾಕು. ನಿಮ್ಮ ಮೇಲಿನ ಗೌರವದಿಂದಲೇ ಅದನ್ನು ಕೆಳಗಿಳಿಸುತ್ತಿದ್ದೇನೆ." ಆ ಮಾತಿನಲ್ಲಿ ಮರ್ಯಾದೆ ಇತ್ತು. ನನಗೆ ಅವರ ಮೇಲೆ ಕೋಪ ಬರಲಿಲ್ಲ.

ದಾರಿಯಲ್ಲಿ ಮೇಧಾ ಎಲ್ಲ ಹೇಳಿದಳು. ಸಭೆಯಲ್ಲಿ ಅವಳೊಬ್ಬಳೇ, ಈ ಚಿತ್ರವನ್ನು ತೆಗೆಯಬೇಡಿ ಎಂದಿದ್ದಳಂತೆ. ಇದರಲ್ಲಿ ನಿಜವೇನಿದೆ, ಪುರಾವೆ ಕೊಡು ಎಂದರಂತೆ ಹಿಲ್ಡಾ. ಮುಂದಿನ ಗುರುವಾರದೊಳಗೆ ಪುರಾವೆ ಕೊಟ್ಟರೆ ಚಿತ್ರ ಉಳಿಯುತ್ತದೆ, ಅದರ ಬಗ್ಗೆ ಬರೆಯುವುದೂ ಅವಳ ಪಾಲಿಗೆ. ಕೊಡದಿದ್ದರೆ ಚಿತ್ರ ನೆಲಮಾಳಿಗೆಗೆ.

"ಒಂದ್ಸಲ ಕೆಳಗೆ ಹೋದ್ರೆ ಇನ್ನು ನನ್ ಜೀವಮಾನದಲ್ಲಿ ಮೇಲೆ ಬರಲ್ಲ ಚಿಕ್ಕಮ್ಮ" ಎಂದಳು. "ಹುಕ್ಕಾ ಸುಳ್ಳು, ಚರ್ಮ ಸುಳ್ಳು, ಎಲ್ಲಾ ಒಪ್ತೀನಿ. ಆದ್ರೆ ಆ ಕೈ ಸುಳ್ಳು ಹೇಳ್ತಿಲ್ಲ. ಯಾಕೆ ಅಂತ ಮಾತ್ರ ಗೊತ್ತಾಗ್ತಿಲ್ಲ."

ಆ ಕೈಯನ್ನು ನಾನು ನೋಡಿರಲೇ ಇಲ್ಲ.

ಒಂಬತ್ತನೆಯ ದಿನ, ಅಡಿಗೆಮನೆ

ಮಂಗಳವಾರ ಮಳೆ. ಸಣ್ಣಗೆ, ಅಡ್ಡಕ್ಕೆ ಬೀಸುವ ಮಳೆ. ನಾನು ಕಿಟಕಿಯ ಕೆಳಗೆ ಕೂತು ಆ ದಿನದ ಬತ್ತಿ ಮುಗಿಸುತ್ತಿದ್ದೆ. ಮೇಧಾ ಬೇಗ ಬಂದಳು. ಪುರಾವೆ ಸಿಕ್ಕಿರಲಿಲ್ಲ, ಮುಖ ಬಾಡಿತ್ತು. ನನಗೆ ಅವಳು ಬಂದದ್ದು ಕೇಳಿಸಲಿಲ್ಲ. ಐದನೆಯ ಸಾವಿರ ಮುಗಿಯಿತು. ಕುಂಕುಮದ ಭರಣಿಗೆ ಉಂಗುರದ ಬೆರಳು ಅದ್ದಿ ಗೋಡೆಗೆ ಒಂದು ಬೊಟ್ಟಿಟ್ಟೆ.

"ಚಿಕ್ಕಮ್ಮ, ಏನ್ಮಾಡ್ತಿದೀರಾ? ಬಾಡಿಗೆ ಮನೆ ಗೋಡೆ ಅದು."

ನನಗೆ ಆಗ ಎಚ್ಚರವಾಯಿತು. ಹಾಲಿನಂಥ ಬಿಳಿ ಗೋಡೆ, ಅದರ ಮೇಲೆ ಐದು ಕುಂಕುಮದ ಬೊಟ್ಟು. ನಾಲ್ಕು ಒಣಗಿವೆ, ಒಂದು ಹಸಿ. ನಮ್ಮ ಮನೆಯಲ್ಲಿ ಲಕ್ಷಬತ್ತಿಯ ಲೆಕ್ಕ ಇಡುವುದೇ ಹಾಗೆ. ಸಾವಿರಕ್ಕೊಂದು ಬೊಟ್ಟು, ಸಾಲಿಗೆ ಹತ್ತು, ಹತ್ತು ಸಾಲಾದರೆ ಲಕ್ಷ. ದೇವರ ಮನೆಯ ಗೋಡೆಗೆ ಇಡುವುದು. ಕೈ ತಾನಾಗಿ ಹೋಗಿತ್ತು. ಊರು ಬೇರೆ, ಗೋಡೆ ಬೇರೆಯವರದು ಎಂದು ಕೈಗೆ ಯಾರೂ ಹೇಳಿರಲಿಲ್ಲ.

ನಾಚಿಕೆಯಿಂದ ಸೆರಗಿನಲ್ಲಿ ಒರೆಸಲು ಹೋದೆ.

"ಬೇಡ, ಮುಟ್ಟಬೇಡಿ" ಎಂದಳು ಮೇಧಾ. ದನಿ ಬದಲಾಗಿತ್ತು.

ಅವಳು ಗೋಡೆ ನೋಡಿದಳು. ಬಟ್ಟಲಿನ ವಿಭೂತಿ ನೋಡಿದಳು. ಪಕ್ಕದ ಹತ್ತಿಯ ರಾಶಿ ನೋಡಿದಳು. ಆಮೇಲೆ ನನ್ನ ಕಾಲು. ಸೀರೆಯನ್ನು ಮಂಡಿಯ ಕೆಳಗಿನವರೆಗೆ ಸರಿಸಿಕೊಂಡಿದ್ದೆ. ಬತ್ತಿ ಹೊಸೆಯುವುದು ಮೀನಖಂಡದ ಮೇಲಲ್ಲವೇ. ಅಂಗೈಗೆ ಚಿಟಿಕೆ ವಿಭೂತಿ ಸವರಿಕೊಂಡು ಕಾಲಿನ ಮೇಲೆ ಹತ್ತಿಯ ಎಳೆಯನ್ನು ಒಂದು ಸಲ ಉರುಳಿಸಿದರೆ ಬತ್ತಿ.

ಮೇಧಾ ಪ್ಲಾಸ್ಟರಿನ ಕೈ ಎದೆಗವಚಿಕೊಂಡು ನೆಲದ ಮೇಲೆ ಕೂತೇ ಬಿಟ್ಟಳು. ಫೋನಿನಲ್ಲಿ ಆ ಚಿತ್ರ ತೆಗೆದು ದೊಡ್ಡದು ಮಾಡಿ ನನ್ನ ಮುಂದಿಟ್ಟಳು. ಈ ಸಲ ನಾನು ಕಣ್ಣು ತಪ್ಪಿಸಲಿಲ್ಲ. ಹಂಸದ ಪುಕ್ಕವಲ್ಲ, ಹಿಂಜಿದ ಹತ್ತಿ. ಅಫೀಮಲ್ಲ, ಬೂದಿ. ಹಿತ್ತಾಳೆಯ ತಟ್ಟೆಯಲ್ಲಿ ಮುತ್ತಿನ ಸರ ಎಂದಿದ್ದರಲ್ಲ, ಅದು ದಾರ ಕಟ್ಟಿದ ಬತ್ತಿಯ ಕಟ್ಟು. ಗೋಡೆಯ ಕೆಂಪು ಚುಕ್ಕೆಗಳನ್ನು ಇಬ್ಬರೂ ಬೆರಳಿಟ್ಟು ಎಣಿಸಿದೆವು. ಸಾಲಿಗೆ ಹತ್ತು. ಎಂಟು ತುಂಬಿದ ಸಾಲು, ಒಂಬತ್ತನೆಯದರಲ್ಲಿ ಆರು.

"ಎಂಬತ್ತಾರು ಸಾವಿರ ಆಗಿದೆ ಕಣೆ ಅವಳದು" ಎಂದೆ. ನಮ್ಮ ಬೀದಿಯ ಯಾರನ್ನೋ ಪರದೇಶದಲ್ಲಿ ಕಂಡ ಹಾಗಾಯಿತು.

ಗುರುವಾರ

ಮೇಧಾ ಎರಡು ದಿನ ಎಡಗೈಯಲ್ಲೇ ಟೈಪ್ ಮಾಡಿ ಎಲ್ಲ ಬರೆದುಕೊಂಡಳು. ಗುರುವಾರ ಮೂಡಣ ಕೋಣೆಯಲ್ಲಿ ಹಿಲ್ಡಾ, ಇನ್ನಿಬ್ಬರು ಅಧಿಕಾರಿಗಳು, ಒಬ್ಬ ಕಾವಲಿನವಳು. ಚಿತ್ರವನ್ನು ಕೆಳಗೆ ಒಯ್ಯುವ ಮರದ ಪೆಟ್ಟಿಗೆ ಬಾಗಿಲಲ್ಲಿ ತೆರೆದುಕೊಂಡು ಕೂತಿತ್ತು.

ಮೇಧಾ ಹೇಳಿದ್ದನ್ನೆಲ್ಲ ಹಿಲ್ಡಾ ತಾಳ್ಮೆಯಿಂದ ಕೇಳಿದರು. ಆಮೇಲೆ ಅಷ್ಟೇ ತಾಳ್ಮೆಯಿಂದ ಒಂದೊಂದಾಗಿ ಕೆಡವಿದರು. ಹತ್ತಿಯನ್ನು ಯಾವ ಚಿತ್ರಕಾರನೂ ತಂದಿಡಬಹುದು. ಚುಕ್ಕೆ ಎಂಬತ್ತಾರಿರುವುದು ಆಕಸ್ಮಿಕ. ಮುಖ್ಯವಾಗಿ, ದೀಪದ ಬತ್ತಿಯನ್ನು ಮೇಜಿನ ಮೇಲೆ ಹೊಸೆಯಬಹುದು, ಸೀರೆಯ ಮೇಲೆ ಹೊಸೆಯಬಹುದು. ಕಾಲು ಬರಿದು ಮಾಡುವ ಅಗತ್ಯವೇನು? ಕಾಲು ತೋರಿಸಬೇಕೆಂದೇ ಬತ್ತಿಯ ನೆಪ.

ಮೇಧಾ ನನ್ನ ಕಡೆ ನೋಡಿದಳು. ನಾನು ಕೈಚೀಲದಿಂದ ಹತ್ತಿ, ವಿಭೂತಿಯ ಡಬ್ಬಿ, ಕುಂಕುಮದ ಭರಣಿ ತೆಗೆದೆ.

ಮೊದಲು ಬೆಂಚಿನ ಮೇಲೆ ಹೊಸೆದು ತೋರಿಸಿದೆ. ಹತ್ತಿ ಜಾರಿತು, ಎಳೆ ಕೂಡಲಿಲ್ಲ. ಸೀರೆಯ ಮೇಲೆ ಹೊಸೆದೆ. ಬಟ್ಟೆಗೆ ಕಚ್ಚಿಕೊಂಡು ಪುಡಿಪುಡಿಯಾಯಿತು. ಇನ್ನುಳಿದದ್ದು ಒಂದೇ. ಆಗ ನೆನಪಾಯಿತು, ಚಳಿಗೆಂದು ಮೇಧಾ ಕೊಟ್ಟ ಉಣ್ಣೆಯ ಕಾಲುಚೀಲ ಸೊಂಟದ ತನಕ ಹಾಕಿಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ಐದು ನಿಮಿಷದ ಅಪ್ಪಣೆ ಬೇಡಿದೆ. ಕಾವಲಿನವಳು ಶೌಚಾಲಯಕ್ಕೆ ದಾರಿ ತೋರಿಸಿದಳು.

ಆ ಚಿಕ್ಕ ಕೋಣೆಯಲ್ಲಿ ಉಣ್ಣೆ ಕಳಚುತ್ತಾ ಎರಡು ಸಲ ಬಾಗಿಲ ಚಿಲಕ ನೋಡಿದೆ. ಮಂಡಿ ಮುಚ್ಚಿಕೊಂಡು ಕೂರಬೇಕು ಎಂದು ಹತ್ತು ವರ್ಷ ಸಿಸ್ಟರ್ ಹೇಳಿದ್ದರು. ಸೀರೆ ಇಳಿಬಿಡು ಎಂದು ಇಪ್ಪತ್ತೆಂಟು ವರ್ಷದಿಂದ ಅತ್ತೆ ಹೇಳುತ್ತಿದ್ದಾರೆ. ಆದರೆ ಅದೇ ಅತ್ತೆ ಹಜಾರದಲ್ಲಿ ಕಾಲು ಚಾಚಿ ಕೂತು, ಹೋಗಿಬರುವವರ ಎದುರೇ ಬತ್ತಿ ಹೊಸೆಯುವುದಿಲ್ಲವೇ? ಅವರ ಕಾಲನ್ನು ಯಾರಾದರೂ ಕಾಲು ಎಂದು ನೋಡಿದ್ದುಂಟೇ? ಅದು ಆಗ ಒಂದು ಹಲಗೆ, ಅಷ್ಟೆ. ಉಣ್ಣೆಯನ್ನು ಕೈಚೀಲಕ್ಕೆ ತುರುಕಿ ಹೊರಬಂದೆ.

ಚಿತ್ರದ ಕೆಳಗೆ ನೆಲದ ಮೇಲೆ ಕೂತೆ. ನೆಲ ಮಂಜುಗಡ್ಡೆಯ ಹಾಗಿತ್ತು. ಸೀರೆ ಸರಿಸಿದೆ. ಅಂಗೈಗೆ ವಿಭೂತಿ. ಒಂದು ಎಳೆ, ಒಂದು ಉರುಳು, ಒಂದು ಬತ್ತಿ. ಇನ್ನೊಂದು. ಮತ್ತೊಂದು. ಹತ್ತು ಆಗುವಷ್ಟರಲ್ಲಿ ಅವರು ಯಾರೂ ಇಲ್ಲ ಎನ್ನುವಂತಾಗಿ ಕೈಗೆ ತನ್ನ ಓಟ ಸಿಕ್ಕಿತು. ನನ್ನ ಆರನೆಯ ಸಾವಿರ ಅಲ್ಲಿಗೆ ತುಂಬಿತು. ಲೆಕ್ಕ ತಪ್ಪಬಾರದೆಂದು ಅಭ್ಯಾಸಬಲದಿಂದ ಭರಣಿಗೆ ಬೆರಳು ಅದ್ದಿ ಮೇಧಾಳ ಕಾಗದದ ಮೇಲೆ ಒಂದು ಬೊಟ್ಟಿಟ್ಟು, ಮತ್ತೆ ಹೊಸೆಯತೊಡಗಿದೆ.

ಹಿಲ್ಡಾ ಒಪ್ಪಿದ ಹಾಗೆ ತಲೆಯಾಡಿಸಿದರೂ ಇನ್ನೂ ಒಂದು ಆಕ್ಷೇಪ ಹಿಡಿದುಕೊಂಡಿದ್ದರು. ಚಿತ್ರದ ಬಲಗೈ ತೋರಿಸಿದರು. "ಕಾಲು ಒಪ್ಪೋಣ. ಈ ಬೆರಳು? ಒಂದು ಬೆರಳನ್ನು ಮಾತ್ರ ಮೇಲೆತ್ತಿ, ತುದಿಗೆ ಕೆಂಪು ಹಚ್ಚಿ, ಇಷ್ಟು ಒಯ್ಯಾರದಿಂದ ಯಾವ ಹೆಂಗಸು ಕೆಲಸ ಮಾಡುತ್ತಾಳೆ?"

ಮೇಧಾ ನನ್ನ ಕೈಯನ್ನೇ ನೋಡುತ್ತಿದ್ದಳು. ಕಾವಲಿನವಳೂ ಹತ್ತಿರ ಬಂದಳು. ನಾನೂ ನೋಡಿದೆ.

ನನ್ನ ಬಲಗೈ ಕಾಲಿನ ಮೇಲಿತ್ತು. ಉಂಗುರದ ಬೆರಳೊಂದು ಮೇಲೆದ್ದಿತ್ತು. ತುದಿ ಕೆಂಪಗಿತ್ತು. ಕುಂಕುಮದ ಬೆರಳು ಬತ್ತಿಗೆ ತಾಗಿದರೆ ಬತ್ತಿ ಕೆಂಪಾಗುತ್ತದೆ. ಅದಕ್ಕೇ ಎತ್ತಿಕೊಳ್ಳುತ್ತೇವೆ. ಯಾರೂ ಕಲಿಸಿದ್ದಲ್ಲ, ಮಾಡುತ್ತಾ ಬರುವುದು. ನಾನು ಎತ್ತಿಕೊಂಡಿದ್ದೇನೆ ಎಂದು ನನಗೇ ಆ ದಿನದ ತನಕ ಗೊತ್ತಿರಲಿಲ್ಲ.

ಹಿಲ್ಡಾ ಚಿತ್ರ ನೋಡಿದರು, ನನ್ನ ಕೈ ನೋಡಿದರು, ಮತ್ತೆ ಚಿತ್ರ ನೋಡಿದರು. ಆಮೇಲೆ ಕನ್ನಡಕ ತೆಗೆದು, ಬೂದು ಬಣ್ಣದ ಒಳ್ಳೆಯ ಪ್ಯಾಂಟಿನಲ್ಲೇ ನನ್ನ ಪಕ್ಕ ನೆಲಕ್ಕೆ ಕೂತರು. "ಇವಳ ಬಗ್ಗೆ ನಾನು ಎರಡು ಸಲ ಬರೆದಿದ್ದೇನೆ" ಎಂದರು. "ಎರಡು ಸಲವೂ ಕಾಲಿನ ಬಗ್ಗೆಯೇ ಬರೆದೆ. ಅದನ್ನು ನೋಡಲು ಬಂದ ಗಂಡಸರ ಹಾಗೆ ನಾನೂ ಇವಳ ಕೈ ನೋಡಲಿಲ್ಲ."

"ನಾನೂ ನೋಡಿರಲಿಲ್ಲ ಮೇಡಂ" ಎಂದೆ. "ಹುಕ್ಕಾ ಮಾತ್ರ ಸುಳ್ಳೇ."

ಅವರು ದೊಡ್ಡದಾಗಿ ನಕ್ಕರು. ತಮಗೂ ಕಲಿಸಿ ಎಂದು ಕೈಚಾಚಿದರು. ಮೊದಲನೆಯದು ಹುಳದ ಹಾಗಾಯಿತು. ಎರಡನೆಯದು ಬಿಚ್ಚಿಕೊಂಡಿತು. ಆರನೆಯದು ಸ್ವಲ್ಪ ಸೊಟ್ಟಗಿದ್ದರೂ ಬತ್ತಿ ಎನ್ನಬಹುದಾಗಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಗಂಡಸಾದ ಚಿತ್ರಕಾರ ಆ ಮನೆಯ ಒಳಗಿನ ಅಂಗಳಕ್ಕೆ ಹೋಗಿರಲಾರ, ಯಾರೋ ಹೆಂಗಸು ಕಣ್ಣಾರೆ ಕಂಡು ಬರೆದುಕೊಂಡು ಬಂದ ರೇಖೆಗಳು ಇವನ ಕೈಗೆ ಸಿಕ್ಕಿರಬೇಕು ಎಂದು ತಮ್ಮಷ್ಟಕ್ಕೆ ಅಂದರು. ಅದನ್ನು ಹುಡುಕುವ ಕೆಲಸ ನಿನ್ನದು ಎಂದು ಮೇಧಾಳಿಗೆ ಹೇಳಿದರು. ಇಬ್ಬರು ಕೆಲಸದವರು ಬಂದು ಮರದ ಪೆಟ್ಟಿಗೆಯನ್ನು ಖಾಲಿಯಾಗಿಯೇ ಎತ್ತಿಕೊಂಡು ಹೋದರು.

ನಾನು ಹೊರಡುವ ಹಿಂದಿನ ದಿನ ಹೊಸ ಫಲಕ ಬಂತು. ಮೇಧಾ ಬರೆದದ್ದು. ಹುಕ್ಕಾ, ಚರ್ಮ, ಕಮಾನು ಯಾವ ಯಾವ ದೇಶದಿಂದ ಕದ್ದು ತಂದು ಸೇರಿಸಿದ್ದು ಎಂದು ಬಿಡದೆ ಹೇಳಿದ್ದಳು. ಆಮೇಲೆ ಎರಡೇ ಸಾಲು: ಇವಳು ಸೋಮಾರಿಯಲ್ಲ. ಇವಳು ಕೆಲಸದಲ್ಲಿದ್ದಾಳೆ. ಕೆಳಗೆ, ಈ ಚಿತ್ರವನ್ನು ಓದಲು ನೆರವಾದವರು ಹಾಸನದ ಗೃಹಿಣಿ ನಳಿನಿ ಎಂದಿತ್ತು. ಕಾನ್ವೆಂಟಿನಲ್ಲಿ ಹೊಲಿಗೆಗೆ ಎರಡನೆಯ ಬಹುಮಾನ ಬಂದಾಗ ಬಿಟ್ಟರೆ ನನ್ನ ಹೆಸರನ್ನು ಗೋಡೆಯ ಮೇಲೆ ಯಾರೂ ಬರೆದಿರಲಿಲ್ಲ. ಕಾವಲಿನವಳು ನನ್ನನ್ನು ಫಲಕದ ಪಕ್ಕ ನಿಲ್ಲಿಸಿ ಫೋಟೋ ತೆಗೆದಳು. ಸೆರಗು ಸರಿಮಾಡಿಕೊಂಡೆ, ಆದರೆ ಎಂದಿನ ಹಾಗೆ ತಲೆ ತಗ್ಗಿಸಲಿಲ್ಲ.

ಮತ್ತೆ ಹಾಸನ

ಮನೆಗೆ ಬಂದು ಹತ್ತು ಸಾವಿರ ಬತ್ತಿಯ ಕಟ್ಟುಗಳನ್ನು ಅತ್ತೆಯ ಮುಂದಿಟ್ಟೆ. ಮುಟ್ಟಿ ನೋಡಿ, ಚಳಿ ಊರಿನ ಬತ್ತಿ ಸ್ವಲ್ಪ ಬಿಗಿಯಾಗೇ ಬಂದಿದೆ ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆ. ಆಮೇಲೆ ಎಲ್ಲ ಕಥೆ ಹೇಳಿದೆ. ಕಾಲು ತೋರಿಸಿದ್ದನ್ನೂ ಹೇಳಿದೆ. ಜಯಮ್ಮ ಹಾಲಿನ ಕ್ಯಾನು ಕೆಳಗಿಟ್ಟು ಕೂತುಬಿಟ್ಟಿದ್ದಳು. ಅತ್ತೆ ಬೈಯುತ್ತಾರೆಂದು ಕಾದೆ. ಅವರು ಕಾಲಿನ ವಿಚಾರವನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಫೋನಿನ ಚಿತ್ರವನ್ನು ಕಣ್ಣ ಹತ್ತಿರ ಹಿಡಿದು ಗೋಡೆಯ ಬೊಟ್ಟು ತಾವೇ ಎಣಿಸಿದರು.

"ಎಂಬತ್ತಾರು."

"ಹೂಂ ಅತ್ತೆ."

"ಹಾಗಾದ್ರೆ ಇವಳ ವ್ರತ ಮುಗಿದೇ ಇಲ್ಲ."

ನನಗೆ ಇದು ಹೊಳೆದೇ ಇರಲಿಲ್ಲ. ಹಿಲ್ಡಾಗೆ ಹೊಳೆದಿರಲಿಲ್ಲ, ಮೇಧಾಳಿಗೆ ಹೊಳೆದಿರಲಿಲ್ಲ.

"ಪಾಪ, ಅಷ್ಟು ವರ್ಷದಿಂದ ಒಂಬತ್ತನೇ ಸಾಲಲ್ಲೇ ಕೂತಿದ್ದಾಳೆ" ಎಂದರು ಅತ್ತೆ. "ಸಂಕಲ್ಪ ಮಾಡಿದ ಮೇಲೆ ಅರ್ಧಕ್ಕೆ ಬಿಡಬಾರದು. ಇನ್ನು ಹದಿನಾಲ್ಕು ಸಾವಿರ. ಹತ್ತಿ ಎಷ್ಟುಳಿದಿದೆ ನೋಡೇ."

ಜಯಮ್ಮ ಸೆರಗು ಬಿಗಿದುಕೊಂಡಳು. "ಅದ್ರಾಗೆ ಎಲ್ಡ್ ಸಾವ್ರ ನಂದು ಕಣವ್ವ. ನಾನೂ ಒಸ್ದ್ ಕೊಡ್ತೀನಿ."

ದಿನ ಕಡಿಮೆಯಿತ್ತು. ಅರಕಲಗೂಡಿನಿಂದ ಅಕ್ಕ ಮಂಡಿಗೆ ಪಟ್ಟಿ ಕಟ್ಟಿಕೊಂಡೇ ಬಂದು ಕೂತಳು. ಚನ್ನರಾಯಪಟ್ಟಣದ ನಾದಿನಿ ಮೂರು ಸಾವಿರ ಬಸ್ಸಿನಲ್ಲಿ ಕಳಿಸಿದಳು. ಬೀದಿಯ ಹೆಂಗಸರು ಮಧ್ಯಾಹ್ನ ಹಜಾರಕ್ಕೆ ಬಂದು ಕಾಲು ಚಾಚಿದರು. ದೇವರ ಮನೆಯ ಗೋಡೆಯಲ್ಲಿ ನಮ್ಮ ನೂರು ಬೊಟ್ಟಿನ ಪಕ್ಕ ಅತ್ತೆ ಎಂಟು ಸಾಲು ಮತ್ತು ಆರು ಬೊಟ್ಟು ಮೊದಲೇ ಇಟ್ಟರು. ಅದು ಅವಳು ಹೊಸೆದದ್ದು. ಅಲ್ಲಿಂದ ಮುಂದೆ ನಾವು, ಕೊನೆಯ ಒಂದು ಬೊಟ್ಟಿನ ಜಾಗ ಮಾತ್ರ ಅತ್ತೆ ಖಾಲಿ ಬಿಡಿಸಿದರು.

ಕಾರ್ತಿಕದ ಆ ಸಂಜೆ ಹೊಳೆನರಸೀಪುರದಲ್ಲಿ ದೊಡ್ಡ ಹಣತೆಗಳಲ್ಲಿ ನಮ್ಮ ಲಕ್ಷ ಬತ್ತಿ ಉರಿದವು. ಆಮೇಲೆ ಅವಳ ಹದಿನಾಲ್ಕು ಸಾವಿರಕ್ಕೆ ಬೇರೆಯೇ ಒಂದು ದೊಡ್ಡ ಹಣತೆ. ಹೆಸರು, ಗೋತ್ರ ಹೇಳಿ ಎಂದರು ಅರ್ಚಕರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅತ್ತೆ ತಡವರಿಸಲಿಲ್ಲ.

"ಹೆಸರು ಗೊತ್ತಿಲ್ಲ ಸ್ವಾಮಿ. ನಮ್ಮವಳು."

ಅರ್ಚಕರು ಹಾಗೆಯೇ ಸಂಕಲ್ಪ ಹೇಳಿದರು. ಹಣತೆಯ ಮೇಲೆ ಕೊನೆಗೆ ಇಟ್ಟ ಬತ್ತಿ ಸ್ವಲ್ಪ ಸೊಟ್ಟಗಿತ್ತು. ಹಿಲ್ಡಾ ಹೊಸೆದದ್ದು, ಹೊರಡುವ ದಿನ ಕಾಗದದಲ್ಲಿ ಸುತ್ತಿ ನನ್ನ ಕೈಗಿತ್ತಿದ್ದರು. ಅದಕ್ಕೇ ಮೊದಲು ಬೆಂಕಿ ಹತ್ತಿತು. ಅದರಿಂದ ಉಳಿದವಕ್ಕೆ. ಅತ್ತೆ ನನ್ನ ಉಂಗುರದ ಬೆರಳನ್ನು ಹಿಡಿದು ಭರಣಿಗೆ ಅದ್ದಿಸಿ, ಅರ್ಚಕರು ಅತ್ತ ತಿರುಗಿದ್ದಾಗ, ಗುಡಿಯ ಕಲ್ಲಿನ ಕಂಬದ ಬುಡದಲ್ಲಿ ಯಾರಿಗೂ ಕಾಣದ ಹಾಗೆ ಅವಳ ನೂರನೆಯ ಬೊಟ್ಟು ಇಡಿಸಿದರು.